ಹಿಂದುಮುಂದಾದ ಲೋಡು

೨೦೦೧ರಲ್ಲಿ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಆದರೂ ಮೊದಲು ಇಳಿಸುವ ಸಾಮಾನನ್ನು ಕೊನೆಗೆ ತುಂಬಬೇಕು ಎನ್ನುವುದು ನನಗೆ ಗೊತ್ತು. ಕಳೆದ ವರ್ಷ ಒಂದು ದಿನ ಗೋಡೌನಿನವರು ನಾನು ಓಡಿಸುವ ಟೆಂಪೋದಲ್ಲಿ, ಮೊದಲು ಇಳಿಸಬೇಕಾದ ಚಂದ್ರಾ ಲೇಔಟಿನ ಫ್ರಿಜ್ಜನ್ನು ಒಳಗೆ ತಳ್ಳಿ, ಕೆಂಗೇರಿಯ ಆರು ವಾಷಿಂಗ್ ಮೆಷೀನುಗಳನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರು. ಫ್ರಿಜ್ ಕೊಡಬೇಕಾದ ಮನೆ ಮುಂದೆ ಗಾಡಿ ನಿಲ್ಲಿಸಿ ಮ್ಯಾನೇಜರಿಗೆ ಫೋನ್ ಮಾಡಿದೆ.

“ಸಾರ್, ಇಳಿಸೋಕೆ ಒಬ್ರನ್ನ ಕಳ್ಸಿ.”

“ಡ್ರೈವರ್ ಅಂದ್ರೆ ಬರೀ ಸ್ಟೇರಿಂಗ್ ತಿರುಗ್ಸೋದೇನಪ್ಪಾ? ಫ್ರಿಜ್ ವಾಪಸ್ ತಂದ್ರೆ ನಾಳೆಯಿಂದ ಬರ್ಬೇಡ.”

ಎದುರು ಮನೆಯವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಒಂದು ಕೈ ಹಾಕಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹಲಗೆ ಹಾಕಿ ಆರನ್ನೂ ಒಬ್ಬನೇ ರಸ್ತೆಗೆ ಜಾರಿಸಿದೆ, ಫ್ರಿಜ್ ಕೊಟ್ಟೆ, ಮತ್ತೆ ಒಬ್ಬನೇ ಏರಿಸಿದೆ. ಕೊನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಡ್ರೈವರ್ ಕೆಲಸ ಮಾತ್ರ ಉಳಿಯಿತು.

ಈಗ ನನ್ನ ಹತ್ತಿರ ಒಂದು ಲೈಸೆನ್ಸ್, ಒಂದು ಬಾಡಿಗೆ ಕೋಣೆ, ಸೊಂಟಕ್ಕೆ ಕಟ್ಟುವ ಒಂದು ಬೆಲ್ಟ್ ಇವೆ.