ಮಾವ ಉಸಿರು ಬಿಡದ ಹೊತ್ತು

ಕಾರವಾರದ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಅವತ್ತು ನಾನು ಇದ್ದೆನೋ ಇಲ್ಲವೋ ಎಂಬುದೇ ಈಗ ನಮ್ಮ ಮನೆಯ ತಕರಾರು. ನನಗೆ ಎಲ್ಲವೂ ನೆನಪಿದೆ: ಪರದೆಯ ಬೂದು ಬಣ್ಣ, ಮಾವನ ಪಕ್ಕೆಗೆ ಹಚ್ಚಿದ ಜೆಲ್ಲು, ವೈದ್ಯೆಯ ಹಸಿರು ಗಡಿಯಾರ. ಅತ್ತೆಯ ಪ್ರಕಾರ ನಾನು ಹೊರಗೆ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಯಾರು ಏನು ಹೇಳಿದರೂ ಆಧಾರ ಕೇಳುವ ಚಟ ಹತ್ತಿಸಿಕೊಂಡವನು ನಾನು. ನನ್ನ ನೆನಪಿಗೇ ಆಧಾರ ಕೇಳುವವರು ಮನೆಯಲ್ಲಿ ಇರುತ್ತಾರೆಂದು ಅಂದುಕೊಂಡಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ, ಬೇಲೆಕೇರಿಯವನು; ಅತ್ತೆ ಅವನ ಹೆಂಡತಿ. ಹರೆಯದಲ್ಲಿ ಕಡಲಲ್ಲಿ ಮುಳುಗಿ, ಕಲ್ಲಿಗೆ ಅಂಟಿದ ಚಿಪ್ಪು ಕಿತ್ತು ತರುತ್ತಿದ್ದ. ಒಂದೇ ಉಸಿರಿಗೆ ಅರ್ಧ ಬುಟ್ಟಿ ಎಂಬುದು ಅವನದೇ ಹೇಳಿಕೆ. ಅಂಥವನ ಬಲ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿತು. ಅಂಕೋಲೆಯ ಡಾಕ್ಟರು ಎಕ್ಸ್‌ರೇ ನೋಡಿ ಕಾರವಾರಕ್ಕೆ ಕಳಿಸಿದರು. ಅಲ್ಲಿ ಹಬ್ಬುವಾಡದ ನಮ್ಮ ಮನೆಯಲ್ಲಿ ಅತ್ತೆಯ ಜತೆ ಇಳಿದುಕೊಂಡ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಡೆಗೊರಗಿ ಕೂತೇ ನಿದ್ದೆ. ಅವನಿಗೆ ಬೇಕಿದ್ದದ್ದು ಇಷ್ಟೇ: ಬೆನ್ನು ಚಾಚಿ ಮಲಗುವುದು.

ನೀರು ತೆಗೆದರೆ ಅದು ಸಾಧ್ಯವಾದೀತೇ ಎಂದು ವೈದ್ಯೆಯನ್ನು ಕೇಳಿದೆವು. ಶ್ವಾಸಕೋಶದ ಕೆಳಗೆ ಗುಮ್ಮಟದಂತಿರುವ ಸ್ನಾಯು, ವಪೆ, ಉಸಿರೆಳೆದಾಗ ಕೆಳಗಿಳಿಯಬೇಕು. ನೀರಿನ ಭಾರಕ್ಕೆ ಅದು ಜೋತುಬಿದ್ದು ಉಲ್ಟಾ ಚಲಿಸುವುದೂ ಉಂಟಂತೆ. ಉಲ್ಟಾ ಆದರೆ ಅಡ್ಡಿಯಿಲ್ಲ, ನೀರು ಹೋದ ಮೇಲೆ ಸರಿಯಾಗಬಹುದು. ಅಲುಗಾಡದೇ ಇದ್ದರೆ ಮಾತ್ರ ಸ್ನಾಯುವೇ ಸೋತಿರಬಹುದು. ಆಗ ನೀರು ತೆಗೆದರೂ ಏದುಸಿರು ನಿಲ್ಲುವ ಭರವಸೆಯಿಲ್ಲ. ಈ ವಿವರಣೆಯ ಹೊತ್ತಿಗೆ ನಾನಿದ್ದೆ, ಅತ್ತೆಯೂ ಒಪ್ಪುತ್ತಾಳೆ.

ಒಳಗೆ ವೈದ್ಯೆ ಮಾವನಿಗೆ ಉಸಿರು ತೆಗೆದುಕೊಳ್ಳಲು ಹೇಳಿದರು. ಅವರು ಯಂತ್ರದ ಹಿಡಿಯನ್ನು ಪಕ್ಕೆಗೆ ಸರಿಯಾಗಿ ಕೂರಿಸುವಷ್ಟರಲ್ಲಿ ಅವನು ಎಳೆದು ಮುಗಿಸಿದ್ದ. ಪರದೆಯ ಮೇಲೆ ನೆಟ್ಟಗಿನ ಗೆರೆ, ಎಂದರೆ ವಪೆ ಅಲುಗಾಡುತ್ತಿಲ್ಲ. ಮತ್ತೊಮ್ಮೆ ಹೇಳಿದರು. ಮತ್ತೆ ಅದೇ ಗೆರೆ. ವೈದ್ಯೆಯ ಮುಖ ಬಿಗಿಯಿತು. ದೊಡ್ಡ ಆಸ್ಪತ್ರೆಗೆ ಒಯ್ಯುವ ಮಾತು ತೆಗೆದರು.

ಆಗ ನಾನು, ಎರಡೇ ಅಳತೆಗಳಿಂದ ತೀರ್ಮಾನಕ್ಕೆ ಬರಬಾರದು ಎಂದು ಹೇಳಿದ ನೆನಪು. ಅತ್ತೆಯ ನೆನಪಿನಲ್ಲಿ ಈ ವಾಕ್ಯವೇ ಇಲ್ಲ. ಅವಳು ಪರದೆ ನೋಡಿರಲಿಲ್ಲ, ಗಂಡನ ಉಬ್ಬಿದ ಕೆನ್ನೆ ನೋಡಿದ್ದಳು.

"ಉಸ್ರು ಬಿಡಿ ಮಾರಾಯ್ರೆ. ಇಲ್ಲೆಂತ ಚಿಪ್ಪು ಅದ್ಯಾ?"

ಮಾವ ಬುಸ್ಸೆಂದು ಬಿಟ್ಟ. "ತಕಾ ಅಂದ್ರು, ತಕಂಡೆ. ಬಿಡು ಅಂತ ಯಾರ್ ಹೇಳಿರು?"

ವೈದ್ಯೆ ನಕ್ಕರೋ ಸಿಟ್ಟಾದರೋ ಗೊತ್ತಿಲ್ಲ. ಮೂಗಿನಿಂದ ಚುರುಕಾಗಿ ಎಳೆಯಲು ಹೇಳಿದರು. ಅವನಿಗೆ ಅರ್ಥವಾಗಲಿಲ್ಲ. ಬಂಗಡೆ ಮೀನು ಹಳತೋ ಹೊಸತೋ ಎಂದು ಮೂಸಿದ ಹಾಗೆ ಎಂದು ಅತ್ತೆ ತಿಳಿಸಿಕೊಟ್ಟಳು. ಗೆರೆ ಅಲುಗಾಡಿತು. ಉಲ್ಟಾ, ಆದರೆ ಅಲುಗಾಡಿತು.

ಮರುದಿನ ಸೂಜಿ ಹಾಕಿ ನಿಧಾನವಾಗಿ ನೀರು ತೆಗೆದರು. ಮತ್ತೆ ಸ್ಕ್ಯಾನ್ ಮಾಡಿದಾಗ ವಪೆ, ಸ್ವಲ್ಪವೇ ಆದರೂ, ಕೆಳಮುಖವಾಗಿ ಇಳಿಯುತ್ತಿತ್ತು. ಈ ಸಲ ನಾನು ಅಲ್ಲಿದ್ದೆ, ಸ್ಕೂಟರನ್ನು ಮನೆಯಲ್ಲೇ ಬಿಟ್ಟಿದ್ದೆ.

ಸಂಜೆ ಮಾವ ದಿಂಬು ತೆಗೆಸಿ ಮಟ್ಟಸವಾಗಿ ಮಲಗಿದ. ಕಾದೆವು. ಉಸಿರು ಕಟ್ಟಲಿಲ್ಲ. ಸೂರು ನೋಡುತ್ತ ನನ್ನನ್ನು ಕೇಳಿದ, "ನಿನ್ನೆ ಎಷ್ಟ್ ಹೊತ್ತು ಹಿಡ್ದೆ ನಾನು?"

ನಾನು ತಡವರಿಸದೆ ನಲವತ್ತು ಸೆಕೆಂಡು ಎಂದೆ. ಎಲ್ಲಿಂದ ಬಂತೋ ಆ ಸಂಖ್ಯೆ. ಇವನು ಹೊರಗಿದ್ದ ಎಂದು ಅತ್ತೆ ನೆನಪಿಸಿದಳು.

"ಇರ್ಲಿ ಬಿಡು. ಅಷ್ಟು ಕಲ್ತವ ಸುಳ್ಳು ಹೇಳ್ತ್ನಾ?" ಎಂದು ಮಾವ ಕಣ್ಣು ಮುಚ್ಚಿದ.

ಈಗ ಬೇಲೆಕೇರಿಯಲ್ಲಿ ಅವನು ಆ ನಲವತ್ತು ಸೆಕೆಂಡಿನ ಕತೆಯನ್ನು ಎಲ್ಲರಿಗೂ ಹೇಳುತ್ತಾನೆ. ನಾನು ಹೋದಾಗ ಯಾರಾದರೂ ನಂಬದಿದ್ದರೆ ನನ್ನ ಕಡೆ ಬೆರಳು ತೋರಿಸುತ್ತಾನೆ. ನಾನು ತಲೆಯಾಡಿಸುತ್ತೇನೆ.