ರಸ್ತೆ ಕೆಳಗಿನ ಹಗೇವು ಯಾರದು

ಚಿಕ್ಕಂದಿನಲ್ಲಿ ನನ್ನನ್ನು ಹಗೇವಿನೊಳಗೆ ಇಳಿಸಿದ್ದರು. ಸೊಂಟಕ್ಕೆ ಹಗ್ಗ, ಕೆಳಗೆ ಕತ್ತಲು, ಮುಗ್ಗಿದ ಜೋಳದ ಬೆಚ್ಚನೆಯ ವಾಸನೆ. ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಇಳಿದದ್ದು ನಾನೋ, ಇಳಿದವರ ಬಾಯಿಂದ ಕೇಳಿ ಕೇಳಿ ನಾನೇ ಇಳಿದಂತಾಯಿತೋ? ಹಗ್ಗದ ಬಣ್ಣವನ್ನೂ ಹೇಳಬಲ್ಲೆ. ಅದಕ್ಕೇ ನಂಬಿಕೆ ಬರುವುದಿಲ್ಲ.

ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನವಲಗುಂದದ ಕಡೆಯ ನಮ್ಮ ಪಟ್ಟಣದಲ್ಲಿ ಹಲವು ಹಗೇವುಗಳು ಮನೆಯೊಳಗಲ್ಲ, ಮನೆ ಮುಂದಿನ ಓಣಿಯಲ್ಲೇ ಇದ್ದವು. ಜೋಳವನ್ನು ಚೀಲದಲ್ಲಿಡುವ ಕಾಲ ಬಂದ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರು. ಹೊಟ್ಟೆ ಖಾಲಿಯೇ ಉಳಿಯಿತು.

ಇದೆಲ್ಲ ಮತ್ತೆ ಎದ್ದದ್ದು ನಾನು ಪಟ್ಟಣದ ನಕ್ಷೆ ತಯಾರಿಸುವ ಕೆಲಸಕ್ಕೆ ಸೇರಿದಾಗ. ನೀರಿನವರ ನಕ್ಷೆಯಲ್ಲಿ ಚರಂಡಿ ಇರಲಿಲ್ಲ, ರಸ್ತೆಯವರ ನಕ್ಷೆಯಲ್ಲಿ ಎರಡೂ ಇರಲಿಲ್ಲ. ಒಬ್ಬರು ಅಗೆದರೆ ಇನ್ನೊಬ್ಬರ ಪೈಪು ಒಡೆಯುತ್ತಿತ್ತು. ಅದಕ್ಕೆ ಎಲ್ಲರೂ ಒಪ್ಪುವ ಒಂದೇ ವಿಂಗಡಣೆ ಬೇಕೆಂದು ಹುಬ್ಬಳ್ಳಿಯಿಂದ ತಜ್ಞೆಯೊಬ್ಬಳು ಬಂದಳು. ನೆಲದಡಿ ಇರುವ ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಅರ್ಥ, ಆಳ, ಮಾಲೀಕರು. ಇಷ್ಟು ತುಂಬದಿದ್ದರೆ ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಸಭೆಯಲ್ಲಿ ನಾನು ಹಗೇವಿನ ಮಾತೆತ್ತಿದೆ. ನೀರಿನ ಎಂಜಿನಿಯರು ಅದನ್ನು ಪೊಳ್ಳು ಅಂದರು. ರಸ್ತೆಯವರು ಮೆತ್ತನೆಯ ನೆಲ ಅಂದರು. ಊರಿನ ಕಚೇರಿಯವರು, ‘ಓಣಿ ಕೆಳಗ ಐತಿ ಅಂದ್ರ ಅದು ಒತ್ತುವರಿ ಆತು. ಮನಿಯವ್ರಿಗೆ ನೋಟಿಸ್ ಕೊಡಬೇಕಾಕ್ಕೈತ್ರಿ’ ಅಂದರು. ತಜ್ಞೆ ಮೂವರ ಮಾತನ್ನೂ ಬರೆದುಕೊಂಡು, ‘ಹಗೇವು ಅಂತಲೇ ಇರಲಿ. ಆದರೆ ಮಾಲೀಕರು ಯಾರು?’ ಅಂತ ಕೇಳಿದಳು. ಕೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ನೋಟಿಸಿನ ಮಾತು ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಕೇಳಿದ ಮನೆಯವರೆಲ್ಲ ಇಲ್ಲ ಅಂದರು. ಕಡೆಗೆ ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಮನೆಗೆ ಹೋದೆ. ಕಾಕಾ ತೀರಿಕೊಂಡ ಮೇಲೆ ಆಕೆ ಸೊಸೆಯೊಡನೆ ಅಲ್ಲಿದ್ದಳು. ಓಣಿಗೆ ಹೊಸ ರಸ್ತೆ ಹಾಕುವವರಿದ್ದರು. ಆಕೆಯದು ರಸ್ತೆಗೆ ತಾಗಿದ ಮಣ್ಣಿನ ಗೋಡೆ. ಅದರ ಬುಡದಲ್ಲಿ ಹಗೇವಿದ್ದು, ಮೇಲೆ ರೋಲರ್ ಹಾಯ್ದರೆ ಗೋಡೆ ಉಳಿಯುವಂತಿರಲಿಲ್ಲ.

‘ಹಗೇವು? ಯಾವ ಕಾಲದ ಮಾತು ತಗದೀಯೋ. ಯಾರು ಕಳಿಸ್ಯಾರ ನಿನ್ನ?’

‘ಯಾರೂ ಕಳಿಸಿಲ್ಲ, ಕಾಕು. ಗೋಡಿ ಬಿದ್ದೀತು ಅಂತ ಕೇಳಾಕ ಬಂದೇನಿ.’

‘ಗೋಡಿ ಬಿದ್ರ ಕಟ್ಟೂಣು. ನೋಟಿಸ್ ಬಂದ್ರ ನೀ ಬಂದು ಓದಿ ಹೇಳತಿ, ಅಷ್ಟ.’

‘ನಾ ಇಲ್ಲೇ ಇಳದಿದ್ದೆ, ಬೇವಿನ ಗಿಡದ ಬಾಜೂಕ.’

‘ನೀನಾ? ಇಲಿ ಕಂಡ್ರ ಕಟ್ಟಿ ಹತ್ತಾಂವ ನೀ,’ ಅಂದು ನಕ್ಕಳು. ನನ್ನನ್ನು ತಡೆಯಲು ನಕ್ಕಳೋ, ಅದೇ ನಿಜವೋ, ತಿಳಿಯಲಿಲ್ಲ. ಮರುದಿನ ಬೇವಿನ ಬಳಿ ಹಾರೆ ಹೊಡೆಸಿದೆ. ನೆಲ ಗಟ್ಟಿ ಇತ್ತು. ಸುತ್ತ ಹೊಡೆಸಿದೆ. ಅಲ್ಲೂ ಗಟ್ಟಿ.

ರೋಲರ್ ಬಂದ ಮುಂಜಾನೆ ಕಾಕು ಹೊರಗೆ ಬಂದು ಬೇವಿಗೆ ದೂರದ, ಬಾಗಿಲ ಎಡಕ್ಕಿದ್ದ ಒಂದು ಜಾಗದಲ್ಲಿ ನಿಂತಳು. ಚಾಲಕ ಹಾರ್ನ್ ಹೊಡೆದ. ಆಕೆ ಸೆರಗು ಸರಿಮಾಡಿಕೊಂಡಳು.

‘ಯಾಕ ನಿಂತೀರಿ, ಯವ್ವಾ?’

‘ಬಿಸಲ ಕಾಯಾಕ.’

‘ಆ ಕಡೆ ಹೋಗಿ ಕಾಯ್ರಿ.’

‘ಆ ಕಡೆ ಬಿಸಲ ಛಲೋ ಇಲ್ಲ.’

ಜನ ಸೇರಿದರು. ಕಚೇರಿಯವರು ಗದರಿದರು. ಕಾಕು ಕದಲಲಿಲ್ಲ. ಆಗ ನಾನೇ ಹಾರೆ ಇಸಿದುಕೊಂಡು ಆಕೆಯ ಪಾದದ ಪಕ್ಕ ಹೊಡೆದೆ. ಎರಡನೆಯ ಏಟಿಗೆ ಹಾರೆ ಕೈಜಾರಿ ಒಳಗೆ ಹೋಯಿತು. ಎಲ್ಲರೂ ಹಿಂದೆ ಸರಿದರು, ಕಾಕು ಕೂಡ.

‘ಇದು ಯಾರದ್ರಿ?’ ಕಚೇರಿಯವರು ಆಕೆಯನ್ನೇ ಕೇಳಿದರು.

‘ನಿಮ್ಮ ರಸ್ತೆ ಕೆಳಗ ಐತಿ. ನನ್ನ ಯಾಕ ಕೇಳತೀರಿ?’

ತಜ್ಞೆಗೆ ಫೋನ್ ಮಾಡಿ ಅದೇ ಮಾತನ್ನು ಹೇಳಿದೆ. ಆಕೆ, ರಸ್ತೆ ಯಾರದೋ ಅದರ ಕೆಳಗಿನ ಪೊಳ್ಳೂ ಅವರದೇ ಎಂದು ನಿಯಮ ಮಾಡೋಣ ಅಂದಳು. ನಕ್ಷೆಯಲ್ಲಿ ಮಾಲೀಕರ ಜಾಗಕ್ಕೆ ಊರಿನ ಕಚೇರಿಯ ಹೆಸರು ಬಂತು. ಕಚೇರಿಯವರು ಗೊಣಗಿದರು. ಆದರೆ ಅಲ್ಲಿ ಅವರ ಹೆಸರು ಬಂದಿದ್ದರಿಂದ ತುಂಬುವ ಕೆಲಸವೂ ಅವರದೇ ಆಯಿತು. ಸಂಜೆಯೊಳಗೆ ಗರಸು ಮಣ್ಣು ತಂದು ಸುರಿದು ಗಟ್ಟಿ ಮಾಡಿದರು. ಗೋಡೆ ನಿಂತಿತು.

‘ಏನಂತ ಬರದಿ? ತೋರಸು,’ ಅಂದಳು ಕಾಕು.

ಫೋನಿನಲ್ಲಿ ತೋರಿಸಿ ಓದಿದೆ. ಕಾಕು ಮತ್ತೊಮ್ಮೆ ಓದಿಸಿದಳು. ಆಮೇಲೆ ಸೊಸೆಯ ಕೈಗೆ ಕೊಟ್ಟು ಓದಿಸಿದಳು. ಅಷ್ಟಕ್ಕೂ ಸಮಾಧಾನವಾಗದೆ ಎದುರು ಮನೆಯ ನಿವೃತ್ತ ಮಾಸ್ತರರ ಬಳಿ ಹೋದಳು. ‘ಅಂವ ನಮ್ಮ ಹುಡುಗನ ಖರೆ. ಅಲ್ಲಿ ಬ್ಯಾರೆ ಏನರ ಇರಬಹುದ್ರಿ, ಓದ್ರಿ.’

ಮಾಸ್ತರರು ಕನ್ನಡಕ ಏರಿಸಿ ಅಕ್ಷರ ಅಕ್ಷರ ಓದಿದರು. ಫೋನ್ ಹಿಂತಿರುಗಿಸುವಾಗ ಓಣಿಯ ಎರಡೂ ಕಡೆ ನೋಡಿದರು. ‘ಹಂಗಾದ್ರ, ತಮ್ಮಾ, ಇತ್ಲಾಗ ಸ್ವಲ್ಪ ಬಾ.’

ಹಿಂದಿನ ವಾರ ‘ನಮ್ಮದು ಬರೇ ಕಲ್ಲುನೆಲ, ಹಗೇವು ಇಲ್ಲ’ ಎಂದು ನನ್ನನ್ನು ಕಳಿಸಿದ್ದವರು ಅವರೇ. ಈಗ ತಮ್ಮ ಬಾಗಿಲ ಮುಂದೆ ಅವರು ತೋರಿಸುತ್ತಿದ್ದದ್ದು ಹಗೇವೋ, ಪುಕ್ಕಟೆ ಗರಸಿನ ಆಸೆಯೋ? ಹಾರೆ ತರಲು ಹೇಳಿದೆ.