ಕತ್ತುಪಟ್ಟಿಯ ಮೂರು ಚುಕ್ಕಿ

ನಮ್ಮಮ್ಮ ವರದಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿಗೆ ಬೆರಳದ್ದಿ ನೋಡುವಳು, ತರಕಾರಿಯವಳ ತಕ್ಕಡಿಯ ತಳ ತಡವುವಳು. ಆದರೆ ಇದು ಅಮ್ಮನ ಕಥೆಯಲ್ಲ. ಹೊಸನಗರದ ನಮ್ಮ ಕೇರಿಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಕನ್ನಮ್ಮನದು. ನನ್ನ ಕುತ್ತಿಗೆಯ ಇಸುಬಿನ ದೆಸೆಯಿಂದ ಅವಳು ಅಮ್ಮನ ಅನುಮಾನಕ್ಕೆ ಸಿಕ್ಕಿಬಿದ್ದಳು.

ಅರವತ್ತನಾಲ್ಕನೇ ಇಸವಿ. ನನಗೆ ಏಳು ವರ್ಷ. ಕತ್ತಿನ ಹಿಂಭಾಗ ಕೆಂಪಗೆ ಉಬ್ಬಿ, ನೀರೊಸರಿ, ಹಕ್ಕಳೆಗಟ್ಟುತ್ತಿತ್ತು. ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕೊನೆಗೆ ಸುಬ್ಬಯ್ಯ ಮೇಷ್ಟ್ರು ಅಪ್ಪನನ್ನು ಕರೆಸಿ, "ಪೂರ್ತಿ ವಾಸಿಯಾದ ಮೇಲೆ ಕಳಿಸಿ. ಬೇರೆ ಮಕ್ಕಳ ಮನೆಯವರು ಸುಮ್ಮನಿರಲ್ಲ" ಅಂದರು. ಶಾಲೆಯೆಂದರೆ ಪ್ರಾಣವಾಗಿದ್ದ ನಾನು ಅವತ್ತು ಉಣ್ಣಲಿಲ್ಲ.

ಡಾಕ್ಟರು ಮುಲಾಮು ಕೊಟ್ಟು, "ಇದು ಅಂಟೋದಲ್ಲ. ಸುತ್ತಮುತ್ತ ಇರೋ ಏನೋ ಒಂದು ಮಗು ಮೈಗೆ ಆಗ್ತಿಲ್ಲ. ಅದೇನು ಅಂತ ಹುಡುಕಿ" ಅಂದರು. ಅಮ್ಮನಿಗೆ ಇಷ್ಟು ಸಾಕಾಯಿತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿದಂತಾಯಿತು. ಬದನೆಕಾಯಿ ನಿಂತಿತು. ಬಾವಿಗೆ ಸುಣ್ಣ ಬಿತ್ತು. ಮಲೇರಿಯಾದವರು ಗೋಡೆಗೆ ಹೊಡೆದುಹೋಗಿದ್ದ ಡಿಡಿಟಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದಳು. ನಾಗನ ಕಲ್ಲಿಗೆ ಹಾಲೆರೆದಳು. ಇಸುಬು ಜಗ್ಗಲಿಲ್ಲ.

ಆಮೇಲೆ ಅವಳ ಕಣ್ಣು ಕನ್ನಮ್ಮನ ಮೇಲೆ ಬಿತ್ತು. ಹದಿನೇಳು ಮನೆಯ ಬಟ್ಟೆ ಅದಲುಬದಲಾಗದಂತೆ ಕನ್ನಮ್ಮ ಮನೆಗೊಂದು ಗುರುತು ಹಾಕುತ್ತಿದ್ದಳು. ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಅದರ ಕಪ್ಪು ಸೊನೆಯಿಂದ ಕತ್ತುಪಟ್ಟಿಯ ಒಳಗೆ ಚುಕ್ಕಿ ಇಡುವುದು. ನಮ್ಮದು ಮೂರು ಚುಕ್ಕಿ. ಗೇರಿನ ಸೊನೆ ಮೈ ಸುಡುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

"ನಿನ್ನ ಗೇರೇ ಕಣೇ ಇದು!" ಅಂದಳು ಅಮ್ಮ.

ಕನ್ನಮ್ಮ ಗಂಟನ್ನು ಜಗುಲಿಯ ಮೇಲೆ ಧೊಪ್ಪೆಂದು ಇಳಿಸಿದಳು. "ಹದಿನೇಳು ಮನೆಗೂ ಇದೇ ಕಾಯಿ ಅಮ್ಮೋರೆ. ಬೇರೆ ಯಾವ ಮಗೀಗೆ ಬಂದೈತೆ? ನಿಮ್ಮ ರವಿಕೇಲೂ ಐತಲ್ಲ, ನಿಮಗೇನಾಗೈತೆ? ನಾನು ಒಗೆಯೋ ಕಲ್ಲಾಣೆ, ನನ್ನ ಗುರುತು ಯಾರ ಮೈಯೂ ಸುಟ್ಟಿಲ್ಲ."

ಅನ್ನ ಕೊಡುವ ಕಲ್ಲಿನ ಮೇಲೆ ಮಡಿವಾಳರು ಸುಳ್ಳಾಣೆ ಇಡುವುದಿಲ್ಲ. ಅಮ್ಮ ಬಟ್ಟೆಯ ಗಂಟನ್ನು ಎತ್ತಿಕೊಂಡಳು. ಅನುಮಾನ ಮಾತ್ರ ಬಿಡಲಿಲ್ಲ, ಬಂದ ಬಟ್ಟೆಯನ್ನೆಲ್ಲ ಮೂಸಿಯೇ ಒಳಗಿಡುತ್ತಿದ್ದಳು.

ಅಷ್ಟರಲ್ಲಿ ನನ್ನನ್ನು ತೀರ್ಥಹಳ್ಳಿಯ ಅಜ್ಜಿಮನೆಗೆ ಕಳಿಸಿದರು. ಒಂದು ತಿಂಗಳಲ್ಲಿ ಕುತ್ತಿಗೆ ವಾಸಿಯಾಯಿತು. "ಹಾಗಾದ್ರೆ ನಮ್ಮ ಬಾವಿ ನೀರೇ!" ಅಂತ ಅಮ್ಮ ತೀರ್ಪು ಕೊಟ್ಟಳು. ಆದರೆ ಊರಿಗೆ ಬಂದು, ಅದೇ ಬಾವಿಯ ನೀರು ಮಿಂದು, ಹತ್ತು ದಿನವಾದರೂ ಏನೂ ಏಳಲಿಲ್ಲ. ಅಜ್ಜಿ ಹೊಲಿಸಿಕೊಟ್ಟ ಎರಡು ಹೊಸ ಜಾಕೀಟುಗಳನ್ನೇ ಮನೆಯಲ್ಲೇ ಒಗೆದು ಹಿಂಡಿ ತೊಡುತ್ತಿದ್ದೆ. ಸೋಮವಾರದಿಂದ ಶಾಲೆಗೆ ಬರಲಿ ಅಂತ ಮೇಷ್ಟ್ರು ಹೇಳಿ ಕಳಿಸಿದರು. ಇಸ್ತ್ರಿಯಾಗಲೆಂದು ಅಮ್ಮ ಜಾಕೀಟುಗಳನ್ನು ಕನ್ನಮ್ಮನಿಗೆ ಹಾಕಿದಳು. ಶುಕ್ರವಾರ ತೊಟ್ಟೆ. ಸೋಮವಾರ ಬೆಳಿಗ್ಗೆ ಕುತ್ತಿಗೆ ಉರಿಯತೊಡಗಿತು.

ಕನ್ನಮ್ಮ ಬಟ್ಟೆಗೆಂದು ಬಂದಾಗ ನಾನು ಬಾಗಿಲ ಬಳಿ ಅಳುತ್ತಿದ್ದೆ. ಅವಳು ನನ್ನ ಕತ್ತುಪಟ್ಟಿ ತಿರುವಿ, ತಾನಿಟ್ಟ ಹಸಿ ಚುಕ್ಕಿಯನ್ನೂ ಅದರಡಿಯ ಕೆಂಪನ್ನೂ ನೋಡಿ, ಅಮ್ಮನನ್ನು ಕರೆದಳು.

"ನಂದೇ ತಪ್ಪು ಅಮ್ಮೋರೆ. ಗೇರು ಇಟ್ಟ ಮೇಲೆ ಸುಣ್ಣ ಮೆತ್ತಬೇಕು. ಆಗ ಸೊನೆ ಸಾಯ್ತದೆ, ಗುರುತು ನಿಲ್ತದೆ. ಎಲ್ಲರ ಬಟ್ಟೇಗೂ ಮೆತ್ತೀನಿ. ಈ ಕೂಸಿನ ಚರ್ಮ ತೆಳು, ಸುಣ್ಣ ಸುಟ್ಟೀತು ಅಂತ ಇದರದ್ದಕ್ಕೆ ಮಾತ್ರ ಬಿಟ್ಟೆ. ಸುಣ್ಣ ಇಲ್ದೆ ಗುರುತು ಮಾಸ್ತಿತ್ತು. ಮಾಸಿದಾಗೆಲ್ಲ ಹಸೀದು ಇಟ್ಟೆ. ನನ್ನ ಕಲ್ಲಾಣೆ ಸುಳ್ಳಾಯ್ತು."

ಅವಳಾಗಿ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅತ್ತ ಹೋದದ್ದೇ ತಡ, ಅಮ್ಮ ಏನಂದಳು ಗೊತ್ತೇ? "ಇಷ್ಟು ದಿನ ಇಲ್ಲದ್ದು ಇವತ್ಯಾಕೆ ಒಪ್ಕೊಂಡ್ಲು? ದೊಡ್ಡದೇನೋ ಮುಚ್ಚಿಡೋಕೆ ಚಿಕ್ಕದು ಹೇಳ್ತಿದಾಳೆ." ಕೇರಿಯಲ್ಲೆಲ್ಲ ಅದನ್ನೇ ಸಾರಿ ಬಂದಳು. ನಾವಲ್ಲದೆ ಇನ್ನೂ ಐದು ಮನೆಯವರು ಕನ್ನಮ್ಮನಿಗೆ ಬಟ್ಟೆ ಹಾಕುವುದನ್ನು ನಿಲ್ಲಿಸಿದರು. ಹೆತ್ತವಳಾದರೇನು, ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ನನ್ನ ಬಟ್ಟೆಯೆಲ್ಲ ಒಲೆ ಸೇರಿತು, ಹೊಸದು ಬಂತು. ಕುತ್ತಿಗೆ ಮತ್ತೆ ವಾಸಿಯಾಗುವ ಹೊತ್ತಿಗೆ ಜಟ್ಟಿಂಗಪ್ಪ ಎಂಬ ಬೇರೆ ಮಡಿವಾಳ ನಮ್ಮ ಮನೆಗೆ ಗೊತ್ತಾಗಿದ್ದ. ಅವನು ತಂದ ಮೊದಲ ಗಂಟಿನಲ್ಲಿ ಅಮ್ಮ ನನ್ನ ಜಾಕೀಟಿನ ಕತ್ತುಪಟ್ಟಿ ತಿರುವಿದಳು. ಗೇರಿನ ಚುಕ್ಕಿ ಇರಲಿಲ್ಲ. ಕೆಂಪು ದಾರದ ಮೂರು ಪುಟ್ಟ ಹೊಲಿಗೆ ಇತ್ತು.

"ಕನ್ನಮ್ಮ ನಮ್ಮನೇಗೆ ಬಂದಿದ್ಲು" ಅಂದ ಜಟ್ಟಿಂಗಪ್ಪ. "ಆ ಕೂಸಿಗೆ ಇನ್ನು ಸುಣ್ಣ ಮೆತ್ತಿದ ಗೇರೂ ಬ್ಯಾಡ, ದಾರ ಹಾಕು ಅಂತ ಈ ಕೆಂಪು ದಾರದ ಉಂಡೆ ಕೊಟ್ಟು ಹೋದ್ಲು."

ಅಮ್ಮ ಆ ದಾರವನ್ನೂ ಮೂಗಿಗೆ ಹಿಡಿದು ಮೂಸತೊಡಗಿದಳು. ನಾನು ಜಾಕೀಟನ್ನು ಅವಳ ಕೈಯಿಂದ ಕಿತ್ತುಕೊಂಡು, ಅಲ್ಲೇ ತೊಟ್ಟು, ಶಾಲೆಗೆ ಓಡಿದೆ.